ಸೊಲ್ಲಾಪುರದ ಕೋಟೆ ವರದಕ್ಷಿಣೆ ತಂದವಳು

(ಘೋಣಸಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ವಿಜಯಪುರದ ಚಾಂದ ಬಾವಡಿ ನಿಮಗೆಲ್ಲ ಗೊತ್ತು. ಆ ಬಾವಿಗೆ ಯಾರ ಹೆಸರಿದೆಯೋ ಆ ಚಾಂದಬೀಬಿಯ ಕಥೆಯನ್ನೂ, ಆಫ್ರಿಕಾ ಮೂಲದಿಂದ ಬಂದು ವಿಜಯಪುರವನ್ನೇ ಆಳಿದವರ ಕಥೆಯನ್ನೂ ಇಂದು ಹೇಳುತ್ತೇನೆ. ಕಾಲೇಜಿನಲ್ಲಿ ಇದನ್ನು ಬರೀ ಇಸವಿಗಳಾಗಿ ಕಲಿಸಿದೆ. ಹೊಡೆತ ತಿಂದು ತವರಿಗೆ ಬಂದ ಹೆಣ್ಣುಮಕ್ಕಳ ಜೊತೆ ಕುಳಿತು ಮಾತಾಡಿದ ಮೇಲೆಯೇ ಇದರ ಅರ್ಥ ನನಗೆ ತಿಳಿದದ್ದು.

ಚಾಂದಬೀಬಿ ಅಹಮದನಗರದ ಸುಲ್ತಾನನ ಮಗಳು. 1565ರ ತಾಳಿಕೋಟೆ ಯುದ್ಧಕ್ಕೆ ಮುಂಚೆ, ವಿಜಯನಗರದ ವಿರುದ್ಧ ಒಂದಾಗಲು ಎರಡೂ ಮನೆತನಗಳು ಬೀಗತನ ಬೆಳೆಸಿದವು. ಅವಳನ್ನು ವಿಜಯಪುರದ ಅಲಿ ಆದಿಲಶಾಹನಿಗೆ ಕೊಟ್ಟರು. ವರದಕ್ಷಿಣೆ ಏನು ಗೊತ್ತೆ? ಸೊಲ್ಲಾಪುರದ ಕೋಟೆ! ಅದು ಸೇರಿದ್ದು ಗಂಡನ ರಾಜ್ಯಕ್ಕೆ, ಅವಳ ಕೈಗಲ್ಲ.

1580ರಲ್ಲಿ ಗಂಡನ ಕೊಲೆಯಾಯಿತು. ಮಕ್ಕಳಿರಲಿಲ್ಲ. ಪಟ್ಟಕ್ಕೆ ಬಂದವನು ಗಂಡನ ತಮ್ಮನ ಮಗ ಇಬ್ರಾಹಿಂ, ಒಂಬತ್ತು ವರ್ಷದ ಹುಡುಗ. ಅವನ ಪರವಾಗಿ ಚಾಂದಬೀಬಿ ರಾಜ್ಯಭಾರ ನಡೆಸಿದಳು. ಮಂತ್ರಿ ಕಿಶ್ವರಖಾನನಿಗೆ ಅದು ಸಹಿಸಲಿಲ್ಲ. ತವರಿನವರಿಗೆ ದಂಡೆತ್ತಿ ಬರಲು ಹೇಳಿಕಳಿಸಿದಳೆಂದು ಅಪವಾದ ಹೊರಿಸಿ ಸಾತಾರದ ಕೋಟೆಯಲ್ಲಿ ಸೆರೆಯಿಟ್ಟ. 'ತವರಿನ ಕಡೆ ವಾಲುತ್ತಾಳೆ' ಎಂಬ ಮಾತು ನಮಗೇನು ಹೊಸದೆ? ಕೋಟೆಯನ್ನೇ ತಂದವಳು ಕೋಟೆಯೊಳಗೆ ಕೈದಿಯಾದಳು.

ಬಿಡಿಸಿದವರು ಹಬಶಿ ಸರದಾರರು. ಇಥಿಯೋಪಿಯದ ಕಡೆಯಿಂದ ಗುಲಾಮರಾಗಿ ಬಂದ ಜನರನ್ನು ಹಬಶಿಗಳೆನ್ನುತ್ತಿದ್ದರು. ಯಲ್ಲಾಪುರ, ಹಳಿಯಾಳದ ಸಿದ್ದಿ ಜನರ ಮೂಲವೂ ಆಫ್ರಿಕಾವೇ. ಹಬಶಿಗಳು ತಿರುಗಿಬಿದ್ದರು, ಕಿಶ್ವರಖಾನ ಓಡಿಹೋದ, ಚಾಂದಬೀಬಿ ವಿಜಯಪುರಕ್ಕೆ ಮರಳಿದಳು. ಇಖ್ಲಾಸಖಾನನೆಂಬ ಹಬಶಿ ಆಡಳಿತ ಹಿಡಿದ. ಮುಂದೆ ಇನ್ನೊಬ್ಬ ಹಬಶಿ ದಿಲಾವರಖಾನ ಅವನ ಕಣ್ಣು ಕೀಳಿಸಿ, 1582ರಿಂದ 1590ರವರೆಗೆ ಹುಡುಗ ಸುಲ್ತಾನನ ಹೆಸರಿನಲ್ಲಿ ತಾನೇ ಆಳಿದ. ಚಾಂದಬೀಬಿಯ ಅಧಿಕಾರವನ್ನೂ ಮೊಟಕು ಮಾಡಿದ. ಗುಲಾಮಗಿರಿಯ ನೋವು ಬಲ್ಲವರೂ ಗದ್ದುಗೆ ಸಿಕ್ಕಾಗ ಹೆಣ್ಣಿಗೆ ಪಾಲು ಕೊಡಲಿಲ್ಲ.

ಅವಳು ತವರಿಗೆ ಹೋದಳು. 1595-96ರಲ್ಲಿ ಮೊಗಲರು ಅಹಮದನಗರಕ್ಕೆ ಮುತ್ತಿಗೆ ಹಾಕಿದಾಗ ಒಡೆದ ಗೋಡೆಯ ಬಳಿ ತಾನೇ ನಿಂತು ಕೋಟೆ ಕಾಯ್ದಳು. 1600ರಲ್ಲಿ, ಶತ್ರುವಿನ ಜೊತೆ ಸೇರಿದಳೆಂಬ ಗಾಳಿಮಾತು ನಂಬಿ ಅವಳ ಕಡೆಯವರೇ ಅವಳನ್ನು ಕೊಂದರು.

ಗೆಳತಿಯರೆ, ನನ್ನ ಮದುವೆಗೆ ಅಪ್ಪ ಎರಡು ಎಕರೆ ಹೊಲ ಮಾರಿದರು. ಅಷ್ಟು ಕೊಟ್ಟರೆ ಮಗಳು ಸುಖವಾಗಿರುತ್ತಾಳೆಂದು ನಂಬಿದ್ದರು. ಆ ದುಡ್ಡು ಅತ್ತೆಮನೆಯ ಸಾಲಕ್ಕೆ ಹೋಯಿತು. 'ಇನ್ನೂ ತಾ' ಎಂಬ ಮಾತು ನಿಲ್ಲಲಿಲ್ಲ. ನನ್ನನ್ನು ಉಳಿಸಿದ್ದು ನನ್ನ ಓದು, ನನ್ನ ಪಗಾರ.

ಕೋಟೆ ಕೊಟ್ಟರೂ ಕಾಯದ ವರದಕ್ಷಿಣೆ ಎರಡು ತೊಲ ಬಂಗಾರ ಕೊಟ್ಟರೆ ಕಾಯುತ್ತದೆಯೆ? ಹಿರಿಯರ ಆಸ್ತಿಯಲ್ಲಿ ಮಗಳಿಗೂ ಸಮಪಾಲೆಂದು 2005ರ ಕಾನೂನು ಹೇಳಿದೆ. ಮದುವೆಗೆಂದು ಹೊಲ ಮಾರಬೇಡಿ. ಹೊಲದ ಉತಾರದಲ್ಲಿ ಮಗಳ ಹೆಸರು ಬರೆಸಿ. ಅದೇ ವರ್ಷದ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ, ಗಂಡನ ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಓಣಿಯಲ್ಲಿ ಒಬ್ಬಳ ಮೇಲೆ ಅಪವಾದ ಬಂದರೆ ಗಾಳಿಮಾತು ನಂಬಬೇಡಿ, ಮೊದಲು ಅವಳನ್ನೇ ಕೇಳಿ. ಬಿಡಿಸಲು ಸಂಘದವರೆಲ್ಲ ಹೋಗಿ. ಆದರೆ ಮುಂದಿನ ದಾರಿಯನ್ನು ಅವಳೇ ಆರಿಸಿಕೊಳ್ಳಲಿ.