ಕೈಯಲ್ಲಿರುವ ಫೋನು, ಊರಿನ ಪದ

ಈ ದಿನ ನಾನು ಗೊಬ್ಬರದ ವಿಷಯ ಹೇಳುವುದಿಲ್ಲ. ಬೆಳೆಗೆ ತಗಲುವ ರೋಗದ ವಿಷಯವನ್ನೂ ಹೇಳುವುದಿಲ್ಲ. ನಿಮ್ಮ ಅಂಗಿಯ ಜೇಬಿನಲ್ಲಿರುವ ಮೊಬೈಲು ಫೋನನ್ನು ಕುರಿತು ನಾಲ್ಕು ಮಾತನಾಡಬೇಕೆಂದಿದ್ದೇನೆ. “ಅದರ ಸಂಗತಿ ನಮಗೆ ಗೊತ್ತಿಲ್ವೇ ಸ್ವಾಮಿ? ನಮ್ಮ ಹುಡುಗರು ಹಗಲೂ ರಾತ್ರಿ ಅದನ್ನೇ ಉಜ್ಜುತ್ತಾ ಕೂತಿರ್ತಾರೆ” ಅಂತೀರಿ. ಮಾತು ನಿಜ. ಆದರೆ ಊರಿನವರನ್ನು ಬರೀ ಕೇಳುವವರನ್ನಾಗಿ ಮಾಡಿ ಕೂರಿಸಿದ ಆ ಫೋನೇ, ಊರಿನವರಿಂದ ಮತ್ತೆ ಹಾಡಿಸಲೂ ಬಲ್ಲದು. ಹೇಗೆಂಬುದನ್ನು ಹೇಳುತ್ತೇನೆ.

ನನ್ನ ಸೋದರತ್ತೆಗೆ ಬೀಸುವ ಪದ, ನಾಟಿ ಪದ, ಸೋಬಾನೆ ಪದ ಎಷ್ಟೋ ಬರುತ್ತಿದ್ದವು. ಊರಿಗೆ ಹಿಟ್ಟಿನ ಮಿಲ್ಲು ಬಂದಮೇಲೆ ರಾಗಿಕಲ್ಲು ಮೂಲೆ ಸೇರಿತು. ಕಲ್ಲಿನ ಜೊತೆಗೆ ಪದವೂ ಮೂಲೆ ಸೇರಿತು. ಒಂದು ಸಲ ನಾನು ಆಕೆಯ ಮುಂದೆ ಫೋನು ಇಟ್ಟು, “ಅತ್ತೆ, ಹಾಡು” ಎಂದೆ. “ಏನ್ ಮಗಾ, ಅಷ್ಟಗಲದ ಡಬ್ಬಿಯೊಳಗೆ ನನ್ನ ಪದವೆಲ್ಲಾ ಹಿಡಿಸ್ತದಾ?” ಎಂದು ನಕ್ಕಳು. ಎರಡು ಗಂಟೆ ಕಾಲ ಹಾಡಿದಳು. ಮುಂದಿನ ಬೇಸಗೆಗೆ ಆಕೆ ತೀರಿಕೊಂಡಳು. ಆಮೇಲೆ ಒಂದು ದಿನ ಗದ್ದೆಗೆ ನೀರು ತಿರುಗಿಸಲು ಬಗ್ಗಿದಾಗ ನನ್ನ ಫೋನು ಕಾಲುವೆಗೆ ಬಿತ್ತು. ಬೇರೆ ಪ್ರತಿ ಮಾಡಿಟ್ಟಿರಲಿಲ್ಲ. ಎರಡು ಗಂಟೆಯ ಹಾಡು ನೀರುಪಾಲಾಯಿತು.

ಒಂದೇ ಒಂದು ಪದ ಉಳಿಯಿತು. ಅದನ್ನು ಪಕ್ಕದ ಮನೆಯ ಹುಡುಗಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಆ ಹುಡುಗಿ ಅದನ್ನು ಊರಿನವರ ಗುಂಪಿಗೆ ಹಾಕಿದಳು. ಮೂರನೆಯ ದಿನ ಆಚೆ ಕೇರಿಯ ಅಜ್ಜಿಯೊಬ್ಬಳು ಮೊಮ್ಮಗನ ಕೈಲಿ ಗುಂಡಿ ಒತ್ತಿಸಿ, “ಅಲ್ಲಿ ಎರಡು ಸಾಲು ಬಿಟ್ಟವಳೆ ಕಣವ್ವಾ, ನಮ್ಮ ಕೇರೀಲಿ ಹಿಂಗೆ ಹಾಡ್ತೀವಿ” ಎಂದು ತಾನೇ ಹಾಡಿ ಕಳಿಸಿದಳು. ಅದಕ್ಕೆ ಇನ್ನೊಬ್ಬಳು ಸೇರಿಸಿದಳು. ಬಾಂಧವರೇ, ನನಗೆ ಆಗ ತಿಳಿಯಿತು: ಪದವನ್ನು ಡಬ್ಬಿಯಲ್ಲಿ ಹಾಕಿಟ್ಟರೆ ಸಾಲದು, ಊರಿನವರ ನಡುವೆ ಅದು ಓಡಾಡಬೇಕು.

ಇದು ಹೊಸ ಮಾತೇನೂ ಅಲ್ಲ. 1956ರಲ್ಲಿ ಪುಣೆ ಮೊದಲಾದ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಆಕಾಶವಾಣಿಯವರು ಯುನೆಸ್ಕೋ ನೆರವಿನಿಂದ ರೇಡಿಯೋ ಗ್ರಾಮಗೋಷ್ಠಿಗಳನ್ನು ನಡೆಸಿದರು. ಹಳ್ಳಿಯವರು ಒಟ್ಟಿಗೆ ಕೂತು ಕೇಳಿದರು, ಚರ್ಚೆ ಮಾಡಿದರು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸಿದರು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರ ಕೆಲಸ ಶುರುಮಾಡಿತು. ಹಳ್ಳಿಯ ಸಂಘಗಳಿಗೆ ಬಾನುಲಿ ನಡೆಸಲು ಆಗ ಅನುಮತಿ ಇರಲಿಲ್ಲ. ಆದರೂ ಅಲ್ಲಿಯವರು ಸುಮ್ಮನೆ ಕೂರಲಿಲ್ಲ, ಟಿ.ವಿ.ಯ ಕೇಬಲ್ ತಂತಿಯ ಮೂಲಕವೇ ತಮ್ಮ ದನಿಯನ್ನು ಮನೆಮನೆಗೆ ಮುಟ್ಟಿಸಿದರು. 2006ರ ಕೊನೆಯಲ್ಲಿ ಸರಕಾರದ ನಿಯಮ ಸಡಿಲವಾಗಿ, ಸಂಘ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು.

ಹಾಡುಗಳ ಸಂಗ್ರಹದ ಮಾತು ಬಂದರೆ ಎಚ್.ಎಲ್. ನಾಗೇಗೌಡರನ್ನು ನೆನೆಯಬೇಕು. ಧ್ವನಿಮುದ್ರಣದ ಯಂತ್ರ ಹೊತ್ತು ಹಳ್ಳಿ ಹಳ್ಳಿ ತಿರುಗಿದವರು ಅವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು. ಆ ಕಾಲಕ್ಕೆ ಯಂತ್ರ ಒಬ್ಬಿಬ್ಬರ ಹತ್ತಿರ ಮಾತ್ರ ಇತ್ತು. ಈಗ ಅದು ನಿಮ್ಮ ಜೇಬಿನಲ್ಲೇ ಇದೆ. ಕೊರತೆಯಿರುವುದು ಯಂತ್ರದ್ದಲ್ಲ, ಕೂತು ಕೇಳುವ ಮನಸ್ಸಿನದು.

ಇನ್ನು ಕೆಲಸ ಹೇಗೆ ಮಾಡಬೇಕು? ಹೇಳುತ್ತೇನೆ, ಗಮನವಿಟ್ಟು ಕೇಳಿ.

ಮೊದಲನೆಯದು, ಒಪ್ಪಿಗೆ. “ಅಜ್ಜಿ, ಇದನ್ನು ನಾಲ್ಕು ಜನ ಕೇಳಬಹುದೇ?” ಎಂದು ಕೇಳಿಯೇ ಹಾಡಿಸಿರಿ. ದೇವರ ಕಾರ್ಯದಲ್ಲಿ, ಸಾವಿನ ಮನೆಯಲ್ಲಿ ಮಾತ್ರ ಹಾಡುವ ಪದಗಳಿರುತ್ತವೆ. ಬೇಡವೆಂದರೆ ಬಿಟ್ಟುಬಿಡಿ, ಒತ್ತಾಯ ಸಲ್ಲದು.

ಎರಡನೆಯದು, ಸದ್ದು. ಫ್ಯಾನು, ಟಿ.ವಿ., ಪಂಪುಸೆಟ್ಟು ನಿಲ್ಲಿಸಿ. ನಡುವೆ ಕರೆ ಬಾರದಂತೆ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ. ಹಾಡುವವರಿಂದ ಒಂದೆರಡು ಮೊಳ ದೂರದಲ್ಲಿ, ಮಡಿಸಿದ ಬಟ್ಟೆಯ ಮೇಲೆ ಇಟ್ಟರೆ ದನಿ ಚೆನ್ನಾಗಿ ಬರುತ್ತದೆ.

ಮೂರನೆಯದು, ವಿವರ. ಹಾಡಿದವರ ಹೆಸರು, ಊರು, ತಾರೀಖು, ಯಾವ ಕೆಲಸದಲ್ಲಿ ಹಾಡುವ ಪದ, ಯಾರಿಂದ ಕಲಿತದ್ದು, ಇಷ್ಟನ್ನೂ ಮೊದಲಿಗೇ ಅವರ ಬಾಯಿಂದಲೇ ಹೇಳಿಸಿ. ಹೆಸರಿಲ್ಲದ ಹಾಡು ಚೀಟಿಯಿಲ್ಲದ ಬೀಜದ ಮೂಟೆಯಿದ್ದ ಹಾಗೆ. ಯಾವ ತಳಿಯೆಂದು ಆಮೇಲೆ ಯಾರು ಹೇಳಬೇಕು?

ನಾಲ್ಕನೆಯದು, ಪ್ರತಿ. ನಮ್ಮ ಹಿರಿಯರು ಬಿತ್ತನೆ ಬೀಜವನ್ನು ಒಂದೇ ಕಡೆ ಇಡುತ್ತಿರಲಿಲ್ಲ. ನಿಮ್ಮ ಮನೆಯ ಬೀಜಕ್ಕೆ ಹುಳು ಹಿಡಿದರೆ ನೆಂಟರ ಮನೆಯಲ್ಲಿ ಸಿಕ್ಕೀತು. ಹಾಡಿಗೂ ಅದೇ ನ್ಯಾಯ. ಒಂದು ಪ್ರತಿ ಫೋನಿನಲ್ಲಿ, ಒಂದು ಊರ ಶಾಲೆಯ ಕಂಪ್ಯೂಟರಿನಲ್ಲೋ ಗ್ರಂಥಾಲಯದಲ್ಲೋ, ಒಂದು ಬೇರೆ ಊರಿನಲ್ಲಿ ಇರಲಿ. ವಾಟ್ಸಾಪಿನಲ್ಲಿ ಹಾಗೆಯೇ ಕಳಿಸಿದ ವಿಡಿಯೋ ಕುಗ್ಗಿ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲದಂತೆಯೇ ಹೋಗುತ್ತದೆ.

ಐದನೆಯದು, ಬರಹ. ಈಗ ಫೋನಿನಲ್ಲಿ ಕನ್ನಡದ ಕೀಲಿಮಣೆ ಉಂಟು. ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತದೆ. ಆದರೆ ಅದಕ್ಕೆ ನಮ್ಮ ಹಳ್ಳಿಯ ಮಾತು ಎಷ್ಟೋ ಸಲ ತಿಳಿಯುವುದಿಲ್ಲ. ಬರೆದದ್ದನ್ನು ಅಜ್ಜಿಗೇ ಓದಿ ಹೇಳಿ ತಿದ್ದಿಸಿಕೊಳ್ಳಿ. ನಿಮ್ಮ ಊರು, ಕೆರೆ, ಜಾತ್ರೆಗಳ ವಿಷಯವನ್ನು ಕನ್ನಡ ವಿಕಿಪೀಡಿಯಕ್ಕೂ ಸೇರಿಸಬಹುದು, ಅಚ್ಚಾದ ಆಧಾರ ಮಾತ್ರ ಬೇಕು. ಅದು 2003ರಿಂದ ನಡೆದು ಬಂದಿದೆ. ತುಳುವಿನದು 2016ರಲ್ಲಿ ಬಂತು. ಸಂಬಳವಿಲ್ಲದೆ ಜನರೇ ಕೈಗೂಡಿಸಿ ಬರೆದದ್ದು, ಮುಯ್ಯಾಳಿನ ಕೆಲಸವಿದ್ದಂತೆ.

ಇಷ್ಟೆಲ್ಲಾ ಮಾಡಿದಮೇಲೆ ಒಂದು ಮಾತು ಮರೆಯಬೇಡಿ. ತಿಂಗಳಿಗೊಮ್ಮೆಯಾದರೂ ಸಂಜೆ ಹೊತ್ತು ಅರಳಿಕಟ್ಟೆಯ ಮೇಲೆ ಸೇರಿ, ಹಿಡಿದ ಪದವನ್ನು ಎಲ್ಲರಿಗೂ ಕೇಳಿಸಿ. ಆಮೇಲೆ ಫೋನನ್ನು ಆರಿಸಿ, ಮಕ್ಕಳ ಕೈಲಿ ಹಾಡಿಸಿ. ಬೀಜ ಕಣಜದಲ್ಲಿದ್ದರೆ ಬೆಳೆಯಾಗುವುದಿಲ್ಲ; ನೆಲಕ್ಕೆ ಬೀಳಬೇಕು.

ನಿಮ್ಮೂರಿನಲ್ಲಿ ಪದ ಬಲ್ಲ ಹಿರಿಯರು ಎಷ್ಟು ಮಂದಿ ಉಳಿದಿದ್ದಾರೆಂದು ಈ ರಾತ್ರಿ ಊಟಕ್ಕೆ ಕೂತಾಗ ಬೆರಳು ಮಡಿಸಿ ಎಣಿಸಿ ನೋಡಿ. ನಾಳೆಯೇ ಒಬ್ಬರ ಮನೆಗೆ ಹೋಗಿ. ಸುಗ್ಗಿ ಮುಗಿಯಲಿ ಆಮೇಲೆ ನೋಡೋಣ ಅನ್ನಬೇಡಿ. ನಮ್ಮತ್ತೆಯ ಹಾಡನ್ನು ಕಳೆದುಕೊಂಡವನು ನಾನು, ಅದಕ್ಕೇ ಹೇಳುತ್ತಿದ್ದೇನೆ.