ಪೌಂಡು: ತೂಕವೋ, ದೊಡ್ಡಿಯೋ?



ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ ಒಬ್ಬರ ದನ ಇನ್ನೊಬ್ಬರ ರಾಗಿ ಹೊಲಕ್ಕೆ ನುಗ್ಗಿತೆಂದುಕೊಳ್ಳಿ. ಹೊಲದವರು ಅದನ್ನು ಹಿಡಿದು ದೊಡ್ಡಿಗೆ ಹೊಡೆಯುತ್ತಾರೆ. ಕಾನೂನಿನ ಇಂಗ್ಲಿಷಿನಲ್ಲಿ ಈ ದೊಡ್ಡಿಗೆ ‘ಪೌಂಡ್’ ಎಂದು ಹೆಸರು. ದನದ ಒಡೆಯ ಈ ಮಾತಿನ ಅರ್ಥವನ್ನು ಶಾಲೆಗೆ ಹೋಗುವ ಮಗನಲ್ಲಿ ಕೇಳಿದರೆ ಅವನು ‘ತೂಕ’ ಎಂದೋ ‘ಇಂಗ್ಲೆಂಡಿನ ಹಣ’ ಎಂದೋ ಹೇಳಿಯಾನು. ಹಸು ದೊಡ್ಡಿಯಲ್ಲಿ ಕೂತಿರುವಾಗ ಆ ಉತ್ತರ ಯಾವ ಪ್ರಯೋಜನಕ್ಕೆ? 1871ರ ದನಗಳ ಅತಿಕ್ರಮಣ ಕಾಯಿದೆ ಹಿಡಿದ ದನವನ್ನು 24 ಗಂಟೆಯೊಳಗೆ ಪೌಂಡಿಗೆ ಸೇರಿಸಬೇಕೆಂದಿತು. ದಂಡ ಕಟ್ಟಿ ಬಿಡಿಸಿಕೊಳ್ಳದಿದ್ದರೆ ಕೊನೆಗೆ ಹರಾಜು.

ನಿಜವಾಗಿ ಇದು ಒಂದು ಪದವಲ್ಲ, ಒಂದೇ ವೇಷದ ಮೂರು ಪದಗಳು.

ದೊಡ್ಡಿಯ ಪೌಂಡು ಹಳೆಯ ಇಂಗ್ಲಿಷಿನ ‘ಪುಂಡ್’, ಅಂದರೆ ಆವರಣ. ನೀರಿನ ‘ಪಾಂಡ್’ ಕೂಡ ಇದರದೇ ರೂಪಾಂತರ: ನೀರನ್ನು ತಡೆದು ಕೂಡಿಹಾಕಿದ್ದು. ನಮ್ಮ ‘ಕಟ್ಟೆ’ಯೂ ಕಟ್ಟಿದ್ದರಿಂದಲೇ ಕಟ್ಟೆಯಾಯಿತಲ್ಲವೆ? ಪಾಸ್‌ಪೋರ್ಟನ್ನು ‘ಇಂಪೌಂಡ್’ ಮಾಡಿದರು ಎನ್ನುವಾಗಲೂ ದನ ಕಟ್ಟಿದ ಆ ಹಳೆಯ ಅರ್ಥವೇ ಉಳಿದಿದೆ. ಕನ್ನಡದ ದೊಡ್ಡಿಯಂತೂ ಇನ್ನೂ ಬೆಳೆದು, ರಾಮನಗರ, ಕನಕಪುರದ ಕಡೆ ಊರುಗಳ ಹೆಸರಿಗೇ ಅಂಟಿಕೊಂಡಿದೆ.

ತೂಕದ ಪೌಂಡು ಲ್ಯಾಟಿನ್ನಿನ ‘ಪೊಂಡೊ’ದಿಂದ ಬಂದದ್ದು. ಒಂದು ಪೌಂಡು ತೂಕದ ಬೆಳ್ಳಿಗೆ 240 ಪೆನ್ನಿ ಎಂಬ ಹಳೆಯ ಲೆಕ್ಕದಿಂದ ತೂಕವೇ ಹಣವಾಯಿತು. ಇಂದಿನ ಪೌಂಡು ತೂಕ ಸುಮಾರು 454 ಗ್ರಾಂ. ಇಂಗ್ಲೆಂಡಿನ ಒಂದು ಪೌಂಡು ಬೆಲೆಯ ಚಿನ್ನದ ನಾಣ್ಯ ಸಾವರಿನ್. ಅದರ ತೂಕ 8 ಗ್ರಾಂಗೆ ತುಸು ಕಡಿಮೆ. ದಕ್ಷಿಣ ಕನ್ನಡ, ಕಾಸರಗೋಡುಗಳ ಮದುವೆ ಮಾತುಕತೆಯಲ್ಲಿ ಕೇಳಿಬರುವ 8 ಗ್ರಾಂನ ‘ಪವನು’ ಇದೇ ಪೌಂಡು! ಎಷ್ಟು ಚೆನ್ನಾಗಿ ನಮ್ಮದಾಗಿದೆಯೆಂದರೆ ಅದನ್ನು ಇಂಗ್ಲಿಷೆಂದರೆ ಅಜ್ಜಿಯರು ಒಪ್ಪಲಾರರು.

ಮೂರನೆಯದು ಕುಟ್ಟುವ ಪೌಂಡು. ಹಳೆಯ ರೂಪ ‘ಪೂನಿಯನ್’. ಕೊನೆಯ ‘ಡ’ಕಾರ ಆಮೇಲೆ ಸೇರಿಕೊಂಡದ್ದು.

ಹಾಗಾದರೆ ಮನೆಯ ಸುತ್ತಲಿನ ‘ಕಾಂಪೌಂಡು’? ಅದೂ ಆವರಣವೇ ಆದ್ದರಿಂದ ದೊಡ್ಡಿಯ ನಂಟೆಂದು ತೋರುವುದು ಸಹಜ. ಆದರೆ ವಿದ್ವಾಂಸರು ಬಹುಮಟ್ಟಿಗೆ ಅದನ್ನು ಮಲಯ ಭಾಷೆಯ ‘ಕಂಪೊಂಗ್’ಗೆ, ಎಂದರೆ ಹಳ್ಳಿ ಅಥವಾ ಕೇರಿಗೆ, ಜೋಡಿಸುತ್ತಾರೆ. ಆಸ್ಪತ್ರೆಯಲ್ಲಿ ಔಷಧ ಬೆರೆಸಿಕೊಡುತ್ತಿದ್ದ ಕಾಂಪೌಂಡರ್ ಇವರಾರ ನೆಂಟನೂ ಅಲ್ಲ. ಅವನು ‘ಒಟ್ಟಿಗೆ ಇಡು’ ಎಂಬರ್ಥದ ಲ್ಯಾಟಿನ್ ಧಾತುವಿನವನು.