ಕಾಣದ ಕಡೆ ಮಾಡಿದ ಸೇವೆ
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ಚೆಕ್ ವಿತರಣೆಗೆ ಮೊದಲು ಒಬ್ಬ ಸಾಧಕರ ಪರಿಚಯ ಹೇಳುವುದು ನಮ್ಮ ರೂಢಿ. ಈ ಬಾರಿ ನೌಕಾಪಡೆಯ ಅಡ್ಮಿರಲ್ ವಿಜಯ್ ಸಿಂಗ್ ಶೇಖಾವತ್ ಅವರನ್ನು ಆರಿಸಿಕೊಂಡಿದ್ದೇವೆ.

1967ರ ಡಿಸೆಂಬರ್ 8ರಂದು ಆಗಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ 'ಕಲ್ವರಿ' ಎಂಬ ಜಲಾಂತರ್ಗಾಮಿ ನಮ್ಮ ನೌಕಾಪಡೆಗೆ ಸೇರಿತು. ಅದೇ ನಮ್ಮ ಮೊದಲನೆಯದು. 1969ರ ಸೆಪ್ಟೆಂಬರ್‌ನಲ್ಲಿ 'ಕರಂಜ್' ಸೇರಿತು. ಅದರ ಮೊದಲ ಸಿಬ್ಬಂದಿಯಲ್ಲಿ ಶೇಖಾವತ್ ಒಬ್ಬರು. 1971ರ ಯುದ್ಧದ ಹೊತ್ತಿಗೆ ಅವರೇ ಕರಂಜ್‌ನ ನಾಯಕ. ಆ ಯುದ್ಧದ ಸೇವೆಗೆ ವೀರಚಕ್ರ ಬಂತು. 1993ರಿಂದ 1996ರವರೆಗೆ ಇಡೀ ನೌಕಾಪಡೆಯ ಮುಖ್ಯಸ್ಥರಾಗಿದ್ದರು.

ಮಕ್ಕಳೇ, ಆ ಕೆಲಸ ಎಂಥದು ಗೊತ್ತೇ? ಕಿಟಕಿಯಿಲ್ಲ, ಬಿಸಿಲಿಲ್ಲ. ಕುಡಿಯುವ ನೀರಿಗೂ ಲೆಕ್ಕ, ಸ್ನಾನ ಅಪರೂಪ. ನೀರಿನಡಿ ಬ್ಯಾಟರಿಯಿಂದ ಓಡಬೇಕು. ಅದು ಇಳಿದರೆ ಮೇಲಕ್ಕೆ ಬಂದು ಡೀಸೆಲ್ ಎಂಜಿನ್‌ನಿಂದ ಚಾರ್ಜ್ ಮಾಡಬೇಕು. ಶತ್ರುವಿನ ಕಣ್ಣಿಗೆ ಬೀಳುವ ಭಯ ಆಗಲೇ ಹೆಚ್ಚು. ಒಬ್ಬ ತಪ್ಪು ವಾಲ್ವ್ ತಿರುಗಿಸಿದರೆ ಎಲ್ಲರ ಪ್ರಾಣಕ್ಕೂ ಕುತ್ತು. ಆದ್ದರಿಂದ ಅಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸದ ಜೊತೆಗೆ ಇಡೀ ನೌಕೆಯನ್ನೇ ಕಲಿತು ಪರೀಕ್ಷೆ ಕೊಡಬೇಕು. ಗೆದ್ದವರ ಎದೆಗೆ ಮಾತ್ರ ಡಾಲ್ಫಿನ್ ಬಿಲ್ಲೆ. ಅಧಿಕಾರಿಗೂ ಇದೇ ನಿಯಮ, ನಾವಿಕನಿಗೂ ಇದೇ.

2021ರ ಮಾರ್ಚ್ 10ರಂದು ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಹೊಸ ಕರಂಜ್ ಸೇವೆಗೆ ಸೇರಿತು. ಮುಖ್ಯ ಅತಿಥಿಯಾಗಿ ಬಂದವರು ಹಳೆಯ ಕರಂಜ್‌ನ ಅದೇ ನಾಯಕ. ಆಗ ಹೊರದೇಶದಿಂದ ತಂದದ್ದು, ಈಗ ನಮ್ಮವರೇ ಕಟ್ಟಿದ್ದು. ನಡುವೆ ಅರ್ಧ ಶತಮಾನ.

ಇನ್ನು ನಮ್ಮ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಮ್ಮ ನೆರವಿನಿಂದ ಓದಿದ ಒಬ್ಬ ಹುಡುಗ ದ್ವಿತೀಯ ಪಿಯುಸಿ ಮುಗಿಸಿ ಬಂದು, "ನೌಕಾಪಡೆಗೆ ಸೇರಬೇಕು, ದಾರಿ ಹೇಳಿ" ಎಂದ. ಅವನು ಓದಿದ್ದು ವಾಣಿಜ್ಯ. ಎನ್‌ಡಿಎ ಮೂಲಕ ನೌಕಾಪಡೆಗೆ ಹೋಗಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಎಸ್‌ಎಸ್‌ಎಲ್‌ಸಿ ಆದಾಗ ಅವನಿಗೆ ಹಣ ಕೊಟ್ಟೆವು, ಏನಾಗಬೇಕೆಂದು ಕೇಳಲಿಲ್ಲ. ಅವನ ತಾಯಿ ಏನೂ ಅನ್ನದೆ ಎದ್ದು ಹೋದರು. ಆ ಮೌನ ನಮಗೆ ಇನ್ನೂ ಚುಚ್ಚುತ್ತಿದೆ.

ಆದ್ದರಿಂದ ಪಾಲಕರಲ್ಲಿ ವಿನಂತಿ: ವಿಷಯ ಆರಿಸುವ ಮೊದಲು ಮಗುವನ್ನು ಕೇಳಿ, ನಮ್ಮನ್ನೂ ಕೇಳಿ. ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಆಯ್ಕೆಯಾದವರ ಓದು, ಊಟ, ವಸತಿಯ ಖರ್ಚು ಸರ್ಕಾರದ್ದೇ. 2022ರಿಂದ ಹೆಣ್ಣುಮಕ್ಕಳೂ ಅಲ್ಲಿ ತರಬೇತಿ ಪಡೆಯುತ್ತಿದ್ದಾರೆ. ನೌಕಾಪಡೆ ದೂರದ ಮಾತೂ ಅಲ್ಲ. ನಮ್ಮ ಕಾರವಾರದಲ್ಲೇ ಅದರ ದೊಡ್ಡ ನೆಲೆಯಿದೆ.

ದಾನಿಗಳೇ, ನೀರಿನಡಿ ದುಡಿಯುವವರನ್ನು ದಡದಲ್ಲಿ ನಿಂತವರು ಕಾಣುವುದಿಲ್ಲ. ಹೆಸರು ಬೇಡವೆಂದು ಕೊಡುವ ನಿಮ್ಮಲ್ಲಿ ಅನೇಕರ ಸೇವೆಯೂ ಅಂಥದ್ದೇ. ಈ ವರ್ಷದಿಂದ ಅರ್ಜಿ ನಮೂನೆಯಲ್ಲಿ ಒಂದು ಸಾಲು ಹೆಚ್ಚಿಸಿದ್ದೇವೆ: "ನೀನು ಏನಾಗಬೇಕೆಂದಿದ್ದೀಯ?" ಮಕ್ಕಳೇ, ಅದನ್ನು ಖಾಲಿ ಬಿಡಬೇಡಿ.